ಹದಿನಾಲ್ಕು ಸೂಜಿ ಅತ್ತ, ಹದಿನಾಲ್ಕು ಸೂಜಿ ಇತ್ತ

"ನಿನಗೇ ಗೊತ್ತಿಲ್ಲದ್ದನ್ನ ನನಗೆ ಚುಚ್ತೀಯಾ ತಂಗಿ?" ಎಂದು ಜೂರಾ ಏಜೆ ಮೊದಲ ದಿನವೇ ಕೇಳಿದ್ದರು.

ನಾನು ಮೇಜಿನ ಮೇಲೆ ಎರಡು ಚಹಾ ಬಟ್ಟಲು ಇಟ್ಟುಕೊಂಡು ಪ್ರಯೋಗ ಎಂದರೇನು ಎಂದು ವಿವರಿಸುತ್ತಿದ್ದೆ. ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಬರೀ ಉಪ್ಪುನೀರು. ನೋಡಲು ಎರಡೂ ಒಂದೇ. ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಅದು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರುವುದಿಲ್ಲ, ಸೂಜಿ ಎಣಿಸಿ ಕೊಡುವ ನರ್ಸ್ ಐಪೇರಿಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ಮದ್ದು ತಯಾರಿಸಿದ ಪರದೇಶದ ಕಂಪನಿಯ ಕಂಪ್ಯೂಟರಿಗೆ ಮಾತ್ರ ಗೊತ್ತು. ಎಲ್ಲ ಮುಗಿದ ಮೇಲೆ ಎಲ್ಲರಿಗೂ ನಿಜವಾದ ಮದ್ದೇ ಸಿಗುತ್ತದೆ, ಕೊನೆಗೆ ಗುಟ್ಟೂ ಬಿಚ್ಚುತ್ತಾರೆ.

"ಇಪ್ಪತ್ತೈದು ವರ್ಷ ಓದಿ ಕೊನೆಗೆ ಕಣ್ಣಾಮುಚ್ಚಾಲೆ ಆಡೋಕೆ ಕೂತ್ಯಲ್ಲ," ಎಂದು ನಕ್ಕರು. ನಗು ಮುಖದ ಅರ್ಧಕ್ಕೇ ನಿಂತಿತು. ಕೆನ್ನೆಯ ಸ್ನಾಯುಗಳಿಗೆ ಇದ್ದ ಶಕ್ತಿ ಅಷ್ಟೇ. ಎಡಗಣ್ಣಿನ ರೆಪ್ಪೆ ಪೂರ್ತಿ ಇಳಿದಿತ್ತು, ಬಲಗಣ್ಣಿನದು ಅರ್ಧ. ನನ್ನನ್ನು ನೋಡಲು ಗಲ್ಲವನ್ನು ಎತ್ತಿ ಹಿಡಿದಿದ್ದರು.

ನಾನು ಕಿರ್ಗಿಜ್ ರಾಜಧಾನಿ ಬಿಷ್ಕೆಕ್ಕಿನಲ್ಲಿ ಡಾಕ್ಟರು, ಇಪ್ಪತ್ತು ವರ್ಷದಿಂದ ಈ ಒಂದೇ ಕಾಯಿಲೆಯ ಬೆನ್ನು ಹತ್ತಿದ್ದೇನೆ. ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ ಇದು. ಹೊರಗಿನ ರೋಗಾಣುವನ್ನು ಹೊಡೆಯಬೇಕಾದ ರಕ್ತದ ಕಾವಲು, ನರವೂ ಸ್ನಾಯುವೂ ಕೂಡುವ ಜಾಗವನ್ನೇ ಹೊಡೆಯತೊಡಗುತ್ತದೆ. ನರ ಕರೆಯುತ್ತದೆ, ಸ್ನಾಯುವಿಗೆ ಕೇಳಿಸುವುದಿಲ್ಲ. ಮೊದಲು ರೆಪ್ಪೆ ಬೀಳುತ್ತದೆ, ಆಮೇಲೆ ಮಾಂಸ ಅಗಿಯುವುದು ಕಷ್ಟ, ಆಮೇಲೆ ನುಂಗುವುದು, ಕೊನೆಗೆ ಉಸಿರು. ಹಳೆಯ ಮಾತ್ರೆಗಳು ಕೆಲವರಿಗೆ ಸಾಕಾಗುತ್ತವೆ, ಕೆಲವರಿಗೆ ಸಾಲುವುದಿಲ್ಲ. ಸಾಲದವರಿಗೆಂದೇ ಈ ಹೊಸ ಮದ್ದಿನ ಪ್ರಯೋಗ ಆರಂಭವಾಯಿತು. ನಮ್ಮ ಪಾಲಿಗೆ ಹನ್ನೊಂದು ರೋಗಿಗಳು. ದಿನಕ್ಕೊಂದು ಪುಟ್ಟ ಸೂಜಿ, ತಾವೇ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ನಾಲ್ಕು ವಾರಕ್ಕೊಮ್ಮೆ ಬಂದು ಇಪ್ಪತ್ತೆಂಟು ಖಾಲಿ ಸೂಜಿ ವಾಪಸ್ ಕೊಟ್ಟು ಹೊಸ ಡಬ್ಬಿ ಒಯ್ಯಬೇಕು.

ಹನ್ನೊಂದರಲ್ಲಿ ಇಬ್ಬರು ಕೋಚ್ಕೋರ್ ಕಡೆಯವರು. ಒಬ್ಬರು ಜೂರಾ ಏಜೆ, ಅರವತ್ತೆರಡು, ಉಣ್ಣೆಯ ಜಮಖಾನ ಹೊಲಿಯುವವರು. ನನಗಿಂತ ಹಿರಿಯರು, ಅದಕ್ಕೇ ಏಜೆ, ಅಂದರೆ ಅಕ್ಕ. ಇನ್ನೊಬ್ಬಳು ಅನಾರ್ಕುಲ್, ಮೂವತ್ತನಾಲ್ಕು, ಶಾಲೆಯಲ್ಲಿ ಸಂಗೀತದ ಟೀಚರ್. ಗಂಡ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು, ಏಳು ವರ್ಷದ ಒಬ್ಬ ಮಗಳು. ಒಂದು ಹಾಡು ಮುಗಿಸುವಷ್ಟರಲ್ಲಿ ಅನಾರ್ಕುಲ್‌ಳ ದನಿ ಮೂಗಿನೊಳಗೆ ಇಳಿದುಬಿಡುತ್ತಿತ್ತು. ಮಕ್ಕಳು ಅಣಕಿಸುತ್ತಾರೆ ಎಂದು ಹೇಳಿ ತಾನೇ ಅಣಕಿಸಿ ತೋರಿಸಿದ್ದಳು. ಇಬ್ಬರೂ ಒಂದೇ ಮಿನಿಬಸ್ಸಿನಲ್ಲಿ ಬರುತ್ತಿದ್ದರು, ಒಂದೇ ಮಿನಿಬಸ್ಸಿನಲ್ಲಿ ಹೋಗುತ್ತಿದ್ದರು. ಮದ್ದಿನ ಡಬ್ಬಿ ತಣ್ಣಗಿರಲೆಂದು ಐಪೇರಿ ಕೊಟ್ಟ ಐಸ್ ಚೀಲ ಇಬ್ಬರ ತೊಡೆಯ ಮೇಲೂ ಇರುತ್ತಿತ್ತು.

ಒಪ್ಪಿಗೆ ಪತ್ರದ ಒಂಬತ್ತನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮದ್ದನ್ನು ಬೇರೆಯವರಿಗೆ ಕೊಡಬಾರದು. ಆ ಸಾಲನ್ನು ಕಿರ್ಗಿಜ್ ಭಾಷೆಗೆ ತಂದವಳು ನಾನೇ. ಇಬ್ಬರಿಗೂ ಓದಿ ಹೇಳಿದವಳೂ ನಾನೇ. ಇಬ್ಬರೂ ಸಹಿ ಹಾಕಿದರು.

ಜೂನ್ ತಿಂಗಳಲ್ಲಿ ಜೂರಾ ಏಜೆ ತಮ್ಮನ ಕುಟುಂಬದ ಜೊತೆ ಬೇಸಿಗೆಯ ಹುಲ್ಲುಗಾವಲಿಗೆ, ಸೋನ್‌ಕುಲ್ ಸರೋವರದ ದಂಡೆಗೆ ಹೋದರು. ಮದ್ದನ್ನು ಹಾಲಿನ ಕ್ಯಾನಿನಲ್ಲಿಟ್ಟು ಹಿಮ ಕರಗಿ ಹರಿಯುವ ತೊರೆಯಲ್ಲಿ ಮುಳುಗಿಸಿದ್ದರಂತೆ. ಐಪೇರಿ ಇದನ್ನು ಕೇಳಿ ತಲೆ ಚಚ್ಚಿಕೊಂಡಳು.

"ಏಜೆ, ಫ್ರಿಜ್ಜಲ್ಲಿ ಇಡಿ ಅಂದಿರಲಿಲ್ವಾ ನಾನು?"

"ನಿನ್ನ ಫ್ರಿಜ್ಜು ಕರೆಂಟ್ ಹೋದ್ರೆ ಬಿಸಿಯಾಗತ್ತೆ ಕಣೇ. ನನ್ನ ತೊರೆ ನಮ್ಮಜ್ಜನ ಕಾಲದಿಂದ ಬಿಸಿಯಾಗಿಲ್ಲ."

ಹಾಗೆ ಅಂದವರ ಮುಖ ನೋಡಿ ನಾನು ಪೆನ್ನು ಕೆಳಗಿಟ್ಟೆ. ಎರಡೂ ಕಣ್ಣು ತೆರೆದಿದ್ದವು. ರೆಪ್ಪೆಗಳು ಪೂರ್ತಿ ಮೇಲಿದ್ದವು. ಗಲ್ಲ ಎತ್ತದೆ ನೇರವಾಗಿ ನನ್ನನ್ನು ನೋಡುತ್ತಿದ್ದರು. "ನಿನ್ನ ಮೂಗು ಇಷ್ಟು ದಪ್ಪ ಅಂತ ಇವತ್ತೇ ಗೊತ್ತಾಗಿದ್ದು ತಂಗಿ," ಎಂದರು.

ಅದೇ ದಿನ ಅನಾರ್ಕುಲ್‌ಳ ಸ್ಥಿತಿ ಇದ್ದಂತೆಯೇ ಇತ್ತು. ಶಾಲೆಯ ಪರೀಕ್ಷೆಗಳು, ಅತ್ತೆಯ ಮನೆಯಲ್ಲಿ ಮದುವೆ, ನಿದ್ದೆ ಇಲ್ಲ. ನಾನು ಅಂಕಗಳನ್ನು ತುಂಬಿದೆ. ಮಾತು, ಅಗಿತ, ನುಂಗು, ಉಸಿರು, ರೆಪ್ಪೆ, ತೋಳು. ನನ್ನ ಕೆಲಸ ಕೇಳುವುದು, ಬರೆಯುವುದು. ಊಹಿಸುವುದು ನನ್ನ ಕೆಲಸವಲ್ಲ.

ಇನ್ನು ಮುಂದೆ ಹೇಳುವುದು ನನಗೆ ಐದು ತಿಂಗಳ ಮೇಲೆ ತಿಳಿದದ್ದು.

ಆ ದಿನ ವಾಪಸ್ ಹೋಗುವ ಮಿನಿಬಸ್ಸಿನಲ್ಲಿ ಅನಾರ್ಕುಲ್ ಕಿಟಕಿಗೆ ತಲೆ ಒರಗಿಸಿ ಕೂತಿದ್ದಳು. ಒಂದು ಬೊರ್ಸೋಕ್, ನಮ್ಮಲ್ಲಿ ಎಣ್ಣೆಯಲ್ಲಿ ಕರಿಯುವ ಹಿಟ್ಟಿನ ಉಂಡೆ, ಅದನ್ನು ಅಗಿಯಲು ಆಗದೆ ಕೈಯಲ್ಲೇ ಹಿಡಿದಿದ್ದಳು. ಜೂರಾ ಏಜೆ ಅವಳನ್ನು ನೋಡಿದರು, ತೊಡೆಯ ಮೇಲಿದ್ದ ಚೀಲ ನೋಡಿದರು. ಚೀಲ ಬಿಚ್ಚಿದರು.

"ತಗೋ. ಹದಿನಾಲ್ಕು ಇದೆ."

"ಅಯ್ಯೋ ಏಜೆ, ಬೇಡ. ಡಾಕ್ಟ್ರು ಬೈತಾರೆ. ಬೇರೆಯವರಿಗೆ ಕೊಡಬಾರದು ಅಂತ ಸಹಿ ಹಾಕಿದ್ದೀವಿ."

"ನೀನು ಬೇರೆಯವಳಾ? ನನಗೆ ಬಂದಿರೋದು ನಿಜವಾದ್ದು, ನನ್ನ ಕಣ್ಣು ನೋಡಿದ್ರೆ ಕುರುಡರಿಗೂ ಗೊತ್ತಾಗತ್ತೆ. ನಿನಗೆ ಬಂದಿರೋದು ನೀರು. ನಿನ್ನ ಮುಂದೆ ಕೂತು ನಾನೊಬ್ಬಳೇ ತಿನ್ನಲಾ? ನಾಯಿ ಕೂಡ ಹಾಗೆ ತಿನ್ನಲ್ಲ."

ನಮ್ಮಲ್ಲಿ ಮನೆಗೆ ಏನು ಬಂದರೂ ಅದರಲ್ಲಿ ಪಕ್ಕದವರಿಗೆ ಪಾಲು. ಅದನ್ನು ಕೊಡುವುದು ಎಂದು ಯಾರೂ ಕರೆಯುವುದಿಲ್ಲ, ಒಟ್ಟಿಗೆ ತಿನ್ನುವುದು ಎನ್ನುತ್ತಾರೆ. ಕೊಡಬಾರದು ಎಂದು ಒಂಬತ್ತನೇ ಪುಟದಲ್ಲಿ ಬರೆದವಳಿಗೆ ಇದು ಹೊಳೆಯಬೇಕಿತ್ತು. ನಾನೂ ಇದೇ ನೀರು ಕುಡಿದು ಬೆಳೆದವಳು.

ಅನಾರ್ಕುಲ್ ಕೊನೆಗೆ ತೆಗೆದುಕೊಂಡಳು. ಆದರೆ ನೆರೆಮನೆಯ ಬಟ್ಟಲನ್ನು ಖಾಲಿ ವಾಪಸ್ ಕೊಡುವ ಹೆಣ್ಣು ನಮ್ಮ ಕಡೆ ಹುಟ್ಟಿಲ್ಲ. ನಾಲ್ಕು ಒಣ ಏಪ್ರಿಕಾಟನ್ನಾದರೂ ಹಾಕಿಯೇ ಕೊಡುತ್ತಾರೆ. ಅವಳು ತನ್ನ ಡಬ್ಬಿಯಿಂದ ಹದಿನಾಲ್ಕು ಸೂಜಿ ಎಣಿಸಿ ತೆಗೆದಳು.

"ನೀರೇ ಇರಬಹುದು ಏಜೆ. ಆದ್ರೂ ಇಟ್ಕೊಳ್ಳಿ. ಡಬ್ಬಿ ಖಾಲಿ ಕಾಣಬಾರದು."

"ಹೂಂ, ಐಪೇರಿಗೂ ಎಣಿಕೆ ಸರಿ ಹೋಗತ್ತೆ," ಎಂದರು ಜೂರಾ ಏಜೆ. ಇಬ್ಬರೂ ನಕ್ಕರಂತೆ.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಹದಿನಾಲ್ಕು ಸೂಜಿ ಅತ್ತ, ಹದಿನಾಲ್ಕು ಸೂಜಿ ಇತ್ತ. ಒಂದು ದಿನ ತಮ್ಮದು, ಒಂದು ದಿನ ಇನ್ನೊಬ್ಬಳದು. ಆಸ್ಪತ್ರೆಗೆ ಬರುವ ದಿನ ಮಿನಿಬಸ್ಸಿನಲ್ಲೇ ಖಾಲಿ ಸೂಜಿಗಳ ನಂಬರು ನೋಡಿ ಅವರವರದನ್ನು ಅವರವರ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಐಪೇರಿ ಎರಡೆರಡು ಸಲ ಎಣಿಸುತ್ತಿದ್ದಳು. ಕಂಪನಿಯವರು ನಮ್ಮ ಕೇಂದ್ರಕ್ಕೆ ಎಣಿಕೆಯಲ್ಲಿ ಒಂದೂ ತಪ್ಪಿಲ್ಲ ಎಂದು ಮೆಚ್ಚುಗೆಯ ಪತ್ರ ಬರೆದಿದ್ದರು. ಅದನ್ನು ನಾನು ಗೋಡೆಗೆ ಅಂಟಿಸಿದ್ದೆ.

ಜುಲೈ, ಆಗಸ್ಟ್, ಸೆಪ್ಟೆಂಬರ್. ಜೂರಾ ಏಜೆ ಚೆನ್ನಾಗಿಯೇ ಇದ್ದರು. ಅನಾರ್ಕುಲ್ ಒಂದು ಸಲ ಸ್ವಲ್ಪ ಸುಧಾರಿಸಿದಳು, ಮತ್ತೆ ಇದ್ದಲ್ಲಿಗೆ ಬಂದಳು. ಅಕ್ಟೋಬರಿನಲ್ಲಿ ಶಾಲೆಯ ಮಕ್ಕಳಿಂದ ಅವಳಿಗೆ ಗಂಟಲು ನೋವು ಹತ್ತಿತು. ಈ ಕಾಯಿಲೆಯವರಿಗೆ ಗಂಟಲು ನೋವು ಸಣ್ಣ ಮಾತಲ್ಲ. ಮೂರನೇ ದಿನ ನುಂಗಲಾಗಲಿಲ್ಲ, ನಾಲ್ಕನೇ ದಿನ ಉಸಿರು ಸಾಲಲಿಲ್ಲ. ನಮ್ಮಲ್ಲಿಗೆ ತರುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ಯಂತ್ರದ ಉಸಿರಿನ ಮೇಲೆ ಹನ್ನೊಂದು ದಿನ ಇದ್ದಳು. ಹನ್ನೆರಡನೇ ದಿನ ಇರಲಿಲ್ಲ.

ಇಪ್ಪತ್ತನಾಲ್ಕು ಗಂಟೆಯೊಳಗೆ ಕಂಪನಿಗೆ ವರದಿ ಕಳಿಸಬೇಕು. ಕಳಿಸಿದೆ. ಸಾವಿಗೂ ಮದ್ದಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆಗೆ 'ಇರಲಾರದು' ಎಂಬಲ್ಲಿ ಗುರುತು ಹಾಕಿದೆ. ಆಮೇಲೆ ಕೈ ತೊಳೆದು ಚಹಾ ಕುಡಿದೆ. ನನಗೆ ಏನೂ ಅನಿಸಲಿಲ್ಲ. ಅನಿಸಬೇಕಿತ್ತು ಎಂಬುದು ಮಾತ್ರ ಗೊತ್ತಿತ್ತು.

ಕೋಚ್ಕೋರಿಗೆ ಹೋದೆ. ಮನೆಯ ಮುಂದೆ ಸಾವಿನ ಗುಡಾರ ಹಾಕಿದ್ದರು. ಒಳಗೆ ಹೆಂಗಸರು ಗೋಡೆಯ ಕಡೆಗೆ ತಿರುಗಿ ಕೂತು ಹಾಡಿ ಹಾಡಿ ಅಳುತ್ತಿದ್ದರು. ಬಂದವರೆಲ್ಲ ಗುಡಾರ ಕಾಣುತ್ತಲೇ ದನಿ ತೆಗೆದು ಅಳಬೇಕು. ನನಗೆ ಅಳು ಬರಲಿಲ್ಲ. ಬಾಯಿ ಮಾತ್ರ ಆಡಿಸಿದೆ. ಆ ಸಾಲಿನ ತುದಿಯಲ್ಲಿ ಕೂತಿದ್ದ ಜೂರಾ ಏಜೆಯ ದನಿ ಎಲ್ಲರಿಗಿಂತ ಮೇಲಿತ್ತು. ಗಂಟೆಗಟ್ಟಲೆ ಹಾಡಿದರೂ ದನಿ ಸೋಲಲಿಲ್ಲ. ಎಷ್ಟು ಸುಧಾರಿಸಿದ್ದಾರೆ ಎಂದು ಅಂದುಕೊಂಡೆ. ಸಾವಿನ ಮನೆಯಲ್ಲಿ ಕೂತು ಅಂಕ ಹಾಕುತ್ತಿದ್ದೆ, ನನ್ನ ಬುದ್ಧಿಗಿಷ್ಟು.

ನವೆಂಬರಿನಲ್ಲಿ ಜೂರಾ ಏಜೆ ಪ್ರಯೋಗದ ಕೊನೆಯ ತಪಾಸಣೆಗೆ ಬಂದರು. ಎಲ್ಲ ಮುಗಿದ ಮೇಲೂ ಏಳಲಿಲ್ಲ.

"ನಾನು ನನ್ನ ಕೈಲಾದಷ್ಟು ಮಾಡಿದೆ ತಂಗಿ," ಎಂದರು. "ನನ್ನದರಲ್ಲಿ ಅರ್ಧ ಅವಳಿಗೆ ಕೊಡ್ತಾನೇ ಬಂದೆ."

"ಏನು ಅರ್ಧ?" ಎಂದೆ.

ಅವರು ಹೇಳಿದರು. ಮಿನಿಬಸ್ಸು, ಹದಿನಾಲ್ಕು ಸೂಜಿ, ಖಾಲಿ ಕಾಣಬಾರದ ಡಬ್ಬಿ, ಎಲ್ಲ. ಮುಚ್ಚಿಡಬೇಕಾದ ವಿಷಯ ಎಂಬ ಅಳುಕು ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಐಪೇರಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವರು ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಬರೀಬೇಡಿ ಡಾಕ್ಟ್ರೇ. ಯಾರಿಗೂ ಗೊತ್ತಿಲ್ಲ. ಬರೆದ್ರೆ ಅವರನ್ನ ಹೊರಗೆ ಹಾಕ್ತಾರೆ, ಮುಂದಿನ ಮದ್ದು ಸಿಗಲ್ಲ. ನಮ್ಮ ಅಜ್ಜಿ ವಯಸ್ಸಿನೋರು."

"ಬರೀದೇ ಇದ್ರೆ ಅಂಕಿ ಸುಳ್ಳಾಗತ್ತೆ."

"ಎರಡು ಜನದ ಅಂಕಿ! ಆ ದೇಶ ಈ ದೇಶ ಸೇರಿ ಇನ್ನೂರು ಜನ ಇದ್ದಾರೆ!"

ನಾನು ಬರೆದೆ. ಈ ಕಾಯಿಲೆ ಮೊದಲೇ ಸುಳ್ಳುಗಾರ, ಇಂದು ಏರುತ್ತದೆ, ನಾಳೆ ಇಳಿಯುತ್ತದೆ. ಅದರ ಜೊತೆ ಅಂಕಿಯೂ ಸುಳ್ಳು ಹೇಳಿದರೆ ನಾವು ಯಾವುದನ್ನು ನಂಬುವುದು? ನನ್ನ ಪ್ರಕಾರ ನಾನು ಮಾಡಿದ್ದು ಸರಿ. ಎರಡು ವಾರಕ್ಕೆ ಉತ್ತರ ಬಂತು. ಜೂರಾ ಏಜೆಯನ್ನು ಪ್ರಯೋಗದಿಂದ ತೆಗೆಯಲಾಗಿದೆ, ಮುಂದಿನ ಹಂತದ ಮದ್ದಿಗೆ ಅವರು ಅರ್ಹರಲ್ಲ. ಉಳಿದ ಒಂಬತ್ತು ಜನಕ್ಕೂ ಮದ್ದು ಬಂತು. ಜೂರಾ ಏಜೆಗೆ ಹಳೆಯ ಮಾತ್ರೆ ಬರೆದುಕೊಟ್ಟೆ. ಜನವರಿಯಲ್ಲಿ ಅವರ ಎಡ ರೆಪ್ಪೆ ಮತ್ತೆ ಇಳಿಯಿತು.

ಆಗಲೂ ಅವರು ನನ್ನನ್ನು ದೂರಲಿಲ್ಲ. "ನಿನ್ನ ಕೆಲಸ ನೀನು ಮಾಡಿದೆ," ಎಂದರು ಫೋನಿನಲ್ಲಿ. ಬೈದಿದ್ದರೆ ಚೆನ್ನಾಗಿತ್ತು.

ಕಂಪನಿಗೆ ನಾಲ್ಕು ಪತ್ರ ಬರೆದೆ. ಅರವತ್ತೆರಡು ವರ್ಷದ ಹೆಂಗಸು, ಮೋಸ ಮಾಡುವ ಉದ್ದೇಶ ಇರಲಿಲ್ಲ, ದಯೆಯ ಮೇಲಾದರೂ ಮದ್ದು ಕೊಡಿ. ಮೂರಕ್ಕೆ ಇಲ್ಲ ಎಂದರು. ನಾಲ್ಕನೆಯದಕ್ಕೆ ಏಪ್ರಿಲ್‌ನಲ್ಲಿ ಒಪ್ಪಿಗೆ ಬಂತು. ರೋಗಿ ಸಹಿ ಹಾಕಿದರೆ ಸಾಕು, ಮುಂದಿನ ವಾರದಿಂದ ನಿಜವಾದ ಮದ್ದು.

ಅದೇ ವಾರ ಗುಟ್ಟೂ ಬಿಚ್ಚಿತು. ಯಾರಿಗೆ ಏನು ಬಂದಿತ್ತು ಎಂದು ಪ್ರತಿಯೊಬ್ಬ ರೋಗಿಗೂ ಒಂದೊಂದು ಪತ್ರ, ನನಗೆ ಒಂದು ಪಟ್ಟಿ. ಪಟ್ಟಿಯಲ್ಲಿ ಮೊದಲು ಹುಡುಕಿದ್ದು ಆ ಎರಡು ನಂಬರುಗಳನ್ನೇ.

ಜೂರಾ ಏಜೆಯದು ಉಪ್ಪುನೀರು. ಅನಾರ್ಕುಲ್‌ಳದು ಮದ್ದು.

ಜೂನ್ ತಿಂಗಳಲ್ಲಿ ಜೂರಾ ಏಜೆಯ ರೆಪ್ಪೆ ಎತ್ತಿದ್ದು ಮದ್ದಲ್ಲ, ಸರೋವರದ ದಂಡೆಯ ತಂಪು, ಅಲ್ಲಿನ ವಿಶ್ರಾಂತಿ. ತಣ್ಣಗಾದರೆ ಈ ಕಾಯಿಲೆಯವರ ರೆಪ್ಪೆ ಏಳುತ್ತದೆ. ಗುರುತು ಹಿಡಿಯಲು ನಾವೇ ಕಣ್ಣಿನ ಮೇಲೆ ಐಸ್ ಇಟ್ಟು ನೋಡುತ್ತೇವೆ, ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸುತ್ತೇನೆ. ಜುಲೈಯಿಂದ ಆ ರೆಪ್ಪೆಯನ್ನು ಎತ್ತಿ ಹಿಡಿದಿದ್ದು ಅನಾರ್ಕುಲ್‌ಳ ಮದ್ದು. ಅವಳು ದಿನ ಬಿಟ್ಟು ದಿನ ನೀರು ಚುಚ್ಚಿಕೊಂಡಳು. ಪೂರ್ತಿ ಮದ್ದು ಸಿಕ್ಕಿದ್ದರೆ ಬದುಕುತ್ತಿದ್ದಳೇ? ಖಚಿತವಾಗಿ ಹೇಳಲಾಗದು. ನಾಲ್ಕು ಜನ ತಜ್ಞರನ್ನು ಕೂರಿಸಿದರೆ ನಾಲ್ವರೂ ಹಾಗೇ ಹೇಳುತ್ತಾರೆ. ಪಟ್ಟಿಯನ್ನು ಡ್ರಾಯರಿಗೆ ಹಾಕಿ ಮಧ್ಯಾಹ್ನದ ರೋಗಿಗಳನ್ನು ನೋಡಿದೆ.

ಶನಿವಾರ ಬೆಳಗ್ಗೆ, ಅಂಚೆಗೆ ಹಾಕದೆ ಇಟ್ಟುಕೊಂಡಿದ್ದ ಜೂರಾ ಏಜೆಯ ಎರಡೂ ಕಾಗದ ಚೀಲದಲ್ಲಿಟ್ಟುಕೊಂಡು ಕೋಚ್ಕೋರಿನ ಮಿನಿಬಸ್ಸು ಹತ್ತಿದೆ. ಸತ್ಯ ಹೇಳುವ ಪತ್ರ ಒಂದು, ಮದ್ದು ಕೊಡುವ ಪತ್ರ ಒಂದು. ಮೊದಲು ಮದ್ದಿನದಕ್ಕೆ ಸಹಿ ಮಾಡಿಸುವುದು, ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದೆ.

ಜೂರಾ ಏಜೆ ನೆಲದ ಮೇಲೆ ಜಮಖಾನ ಹರಡಿಕೊಂಡು ಹೊಲಿಯುತ್ತಿದ್ದರು. ಎಡ ರೆಪ್ಪೆಯನ್ನು ಅಂಟುಪಟ್ಟಿಯಿಂದ ಹುಬ್ಬಿಗೆ ಎತ್ತಿ ಅಂಟಿಸಿದ್ದರು.

"ಬಾ ಬಾ, ದಪ್ಪಮೂಗಿ. ರೊಟ್ಟಿ ಮುರಿ ಮೊದಲು."

ರೊಟ್ಟಿ ಮುರಿದೆ. ಹಾಲು ಹಾಕಿದ ಚಹಾ ಸುರಿದರು. ಮೂರು ಬಟ್ಟಲು ಕುಡಿಯುವ ತನಕ ಹವಾ, ಕುರಿಮರಿ, ರಸ್ತೆ ಇವನ್ನೇ ಮಾತಾಡಿದೆವು. ನಾನು ಮದ್ದಿನ ಕಾಗದ ತೆಗೆದು ಮುಂದಿಟ್ಟೆ. ಕಂಪನಿಯವರು ಒಪ್ಪಿದ್ದಾರೆ, ಇಲ್ಲಿ ಸಹಿ ಹಾಕಿ, ಮುಂದಿನ ವಾರದಿಂದ ಶುರು ಎಂದೆ. ಅವರ ಅರ್ಧ ನಗು ಬಂತು. ಪೆನ್ನು ಕೈಗೆ ತೆಗೆದುಕೊಂಡರು. ಆಮೇಲೆ ಕೈ ನಿಂತಿತು.

"ಗುಟ್ಟು ಬಿಚ್ಚಿದ್ರಂತಲ್ಲ. ನಮ್ಮ ಜೊತೆ ಪ್ರಯೋಗದಲ್ಲಿದ್ದ ಆ ತಲಾಸದ ಗಂಡಸಿಗೆ ಪತ್ರ ಬಂದಿದೆ ಅಂತ ಫೋನ್ ಮಾಡಿದ್ದ."

"ಹೌದು."

"ನನಗೆ ಒಂದೇ ಹೇಳು ತಂಗಿ. ಆರು ತಿಂಗಳಿಂದ ನಿದ್ದೆ ಇಲ್ಲ ನನಗೆ. ನಾನು ಆ ಹುಡುಗಿಗೆ ಕೊಟ್ಟಿದ್ದು ಮದ್ದಾ, ನೀರಾ?"

ಅತ್ತ ದರಿ, ಇತ್ತ ಪುಲಿ. ನನ್ನ ಜೀವನದಲ್ಲಿ ನಾನು ರೋಗಿಗೆ ಸುಳ್ಳು ಹೇಳಿದವಳಲ್ಲ. ಆದರೆ ನವೆಂಬರಿನಲ್ಲಿ ನಾನು ಬರೆದ ಸತ್ಯದ ಬೆಲೆ ಆ ಅಂಟುಪಟ್ಟಿಯಾಗಿ ನನ್ನ ಎದುರಿಗೇ ಕೂತಿತ್ತು. ಇನ್ನೊಂದು ಸಲ ನನ್ನಿಂದಾಗಲಿಲ್ಲ. ಸಹಿ ಬೀಳಲಿ, ಮದ್ದು ಸಿಗಲಿ, ಅಷ್ಟೇ ಸಾಕು ಅನಿಸಿತು.

"ಮದ್ದು," ಎಂದೆ. "ನೀವು ಕೊಟ್ಟಿದ್ದು ನಿಜವಾದ ಮದ್ದೇ ಏಜೆ."

ಅವರು ತಲೆಯಾಡಿಸಿದರು. ಜಮಖಾನದ ಅಂಚನ್ನು ಬೆರಳಿನಿಂದ ಒತ್ತಿದರು. ಸಮಾಧಾನವಾಯಿತು ಎಂದೇ ನಾನು ತಿಳಿದೆ.

"ಹಾಗಾದ್ರೆ ಪೂರ್ತಿ ಕೊಟ್ಟಿದ್ರೆ ಬದುಕ್ತಿದ್ಲು," ಎಂದರು.

ನಾನು ಕಾಗದವನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ.

"ಅರ್ಧ ಇಟ್ಕೊಂಡೆ ನಾನು. ಅವಳಿಗೆ ಅಷ್ಟು ಚಿಕ್ಕ ಮಗು. ನನಗೇನು, ಹೊಲಿದು ಮುಗಿಸಿದ ಮುದುಕಿ. ಆದ್ರೂ ಎಣಿಸಿ ಎಣಿಸಿ ಅರ್ಧ ನನಗೇ ಇಟ್ಕೊಂಡೆ. ರೆಪ್ಪೆ ಮತ್ತೆ ಬಿದ್ದುಬಿಟ್ರೆ ಅಂತ ಹೆದರಿಕೆ ನನಗೆ. ನೋಡು, ರೆಪ್ಪೆಗೋಸ್ಕರ."

"ಏಜೆ, ಹಾಗಲ್ಲ. ಪೂರ್ತಿ ಕೊಟ್ಟಿದ್ರೂ ಏನಾಗ್ತಿತ್ತೋ ಗೊತ್ತಿಲ್ಲ. ಗಂಟಲಿನ ಸೋಂಕು ಅದು…"

"ಗೊತ್ತಿಲ್ಲ, ಗೊತ್ತಿಲ್ಲ. ಮೊದಲ ದಿನದಿಂದ ನಿನಗೆ ಏನೂ ಗೊತ್ತಿಲ್ಲ."

ಪೆನ್ನನ್ನು ಕಾಗದದ ಮೇಲಿಟ್ಟು ಎರಡನ್ನೂ ನನ್ನ ಕಡೆ ಸರಿಸಿದರು.

"ಇದನ್ನ ತಗೊಂಡು ಹೋಗು. ನನ್ನ ಪಾಲು ನಾನು ತಿಂದಾಯ್ತು. ಅವಳ ಪಾಲೂ ತಿಂದಾಯ್ತು."

ಬೇಡಿಕೊಂಡೆ. ಕಾಲು ಹಿಡಿಯುವುದೊಂದು ಬಾಕಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಹೇಳಿದ್ದು ಸುಳ್ಳು ಎಂದು ಬಾಯಿಬಿಟ್ಟರೆ ಮುಂದಿನ ಮಾತೇನು? ನಿಮ್ಮದು ನೀರು, ನೀವು ಅವಳ ಮದ್ದು ಚುಚ್ಚಿಕೊಂಡಿರಿ ಎನ್ನಬೇಕು. ಆ ಪತ್ರ ಚೀಲದಲ್ಲೇ ಇತ್ತು. ಚೀಲದ ಜಿಪ್ಪಿನ ಮೇಲೆ ನನ್ನ ಕೈ ಇತ್ತು. ಕೈ ನನ್ನದು ಎಂದು ಅನಿಸಲಿಲ್ಲ. ತೆರೆಯಲಿಲ್ಲ.

ಮಧ್ಯಾಹ್ನದ ಮಿನಿಬಸ್ಸಿಗೆ ರಸ್ತೆಯವರೆಗೂ ಬಂದು ಕಳಿಸಿಕೊಟ್ಟರು. ಇಳಿಜಾರಿನಲ್ಲಿ ನನ್ನ ಮೊಣಕೈ ಹಿಡಿದಿದ್ದರು. ಎರಡು ಸಲ ನಿಂತು ಉಸಿರು ಸುಧಾರಿಸಿಕೊಂಡರು. ಸಹಿ ಇಲ್ಲದ ಕಾಗದ ನನ್ನ ಕೈಯಲ್ಲೇ ಇತ್ತು.

"ಮುಂದೆ ಇಂಥದ್ದು ಇನ್ಯಾರಿಗಾದ್ರೂ ಕೊಡ್ತೀಯಲ್ಲ," ಎಂದರು ಬಸ್ಸಿನ ಬಾಗಿಲಲ್ಲಿ. "ಅವರಿಗೆ ಮೊದಲೇ ಹೇಳಿಬಿಡು ತಂಗಿ. ಕೊಟ್ರೆ ಪೂರ್ತಿ ಕೊಟ್ಬಿಡಿ, ಅರ್ಧ ಇಟ್ಕೋಬೇಡಿ ಅಂತ."

ಆಗಲಿ ಏಜೆ, ಹೇಳ್ತೀನಿ ಎಂದೆ.